ಆಕರಕೋಶದ ಸಂಶೋಧನೆಗೆ ಹೊರಡುವ ಮುನ್ನ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಜೀವವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳು ಆಕರಕೋಶದ, ಅಂದರೆ ತನ್ನಂಥದೇ ಕೋಶವನ್ನು ಹುಟ್ಟಿಸುತ್ತಲೇ ಬೇರೆ ಬಗೆಯ ಕೋಶವಾಗಿಯೂ ಮಾರ್ಪಡಬಲ್ಲ ಸ್ಟೆಮ್ ಸೆಲ್‌ನ ಸಂಶೋಧನೆಯನ್ನು ವೃತ್ತಿಯಾಗಿಸಿಕೊಳ್ಳಬಯಸಿದರೆ, ಮೊದಲು ಫ್ಲೋ ಸೈಟೋಮೆಟ್ರಿಯ ತತ್ತ್ವವನ್ನು ಅರಗಿಸಿಕೊಳ್ಳುವುದು ಒಳಿತು. ಹೊಳೆಯುವ ಬಣ್ಣ ಅಂಟಿಸಿದ ಪ್ರತಿಕಾಯಗಳನ್ನು ಕೋಶಗಳಿಗೆ ಬೆರೆಸಿ, ಅವು ಸಣ್ಣ ಧಾರೆಯಲ್ಲಿ ಒಂದರ ಹಿಂದೊಂದು ಸಾಗುವಾಗ ಲೇಸರ್ ಹಾಯಿಸಿ, ಚದುರಿದ ಬೆಳಕಿನಿಂದ ಗಾತ್ರವನ್ನೂ ಬಣ್ಣದಿಂದ ಗುರುತನ್ನೂ ಅಳೆಯುವ ವಿಧಾನವಿದು. ಅಸ್ಥಿಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಆಕರಕೋಶಗಳನ್ನು ಸಿಡಿ34 ಎಂಬ ಪ್ರೋಟೀನಿನ ಮೂಲಕ ಪತ್ತೆಹಚ್ಚುವುದು ಹೀಗೆಯೇ. ಯಂತ್ರ ದುಬಾರಿಯಾದರೂ ಅದು ಕೊಡುವ ಚುಕ್ಕೆಚಿತ್ರಗಳನ್ನು ಓದಲು ಬೇಕಾದ ಸಂಖ್ಯಾಶಾಸ್ತ್ರವನ್ನು ಯಲಬುರ್ಗಾದಲ್ಲಿ ಕುಳಿತೇ ಕಲಿಯಬಹುದು, ಮತ್ತು ಹೆಚ್ಚಿನವರು ಎಡವುವುದೂ ಅಲ್ಲಿಯೇ.

ಬೆಂಗಳೂರಿನಲ್ಲಿ 2009ರಲ್ಲಿ ಸ್ಥಾಪನೆಯಾದ ಆಕರಕೋಶ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್, ಅದರ ನೆರೆಯ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ, ಇವು ಅರ್ಜಿ ಹಾಕಬೇಕಾದ ತಾಣಗಳು. ಎಂ.ಎಸ್ಸಿ. ಬಳಿಕ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನ ನಿಗದಿಯಾಗಿರುವುದರಿಂದ, ಪಿಎಚ್.ಡಿ.ಯ ಐದಾರು ವರ್ಷ ಮನೆಯವರಿಗೆ ಹೊರೆಯಾಗಬೇಕಿಲ್ಲ.

ಆದರೆ ಆಕರಕೋಶದಿಂದ ಎಲ್ಲ ರೋಗವೂ ವಾಸಿ ಎನ್ನುವ ಜಾಹೀರಾತುಗಳನ್ನು ವಿಜ್ಞಾನವೆಂದು ಭಾವಿಸಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಚಿಕಿತ್ಸೆಯಾಗಿ ಒಪ್ಪಿರುವುದು ಮುಖ್ಯವಾಗಿ ರಕ್ತರೋಗಗಳಿಗೆ ಮಾಡುವ ರಕ್ತಜನಕ ಆಕರಕೋಶಗಳ ಕಸಿಯನ್ನು ಮಾತ್ರ.