ಹೆದ್ದಾರಿಯ ಇಕ್ಕಟ್ಟು: ಲೆಕ್ಕವೂ ಹಣವೂ

ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಗಳಿಗೆ ಹೆಸರಾದ ಊರು. ಮೇದು ಬಂದ ಮಂದೆಯು ಸಂಜೆ ದೊಡ್ಡಿಯ ಬಾಗಿಲಲ್ಲಿ ಒತ್ತರಿಸಿ ನಿಲ್ಲುವುದನ್ನು ನಾವೆಲ್ಲ ಬಲ್ಲೆವು. ಬಯಲು ಎಷ್ಟೇ ವಿಶಾಲವಾಗಿರಲಿ, ಬಾಗಿಲು ಬಿಟ್ಟಷ್ಟೇ ಕುರಿಗಳು ಒಳಹೋಗಬಲ್ಲವು. ಹೆದ್ದಾರಿಯ ದಟ್ಟಣೆಯ ಮರ್ಮವೂ ಇದೇ.

ಒಂದು ಲೆಕ್ಕ ಮಾಡೋಣ. ಒಂದರ ಹಿಂದೊಂದು ಸಾಗುವ ವಾಹನಗಳ ನಡುವೆ 2 ಸೆಕೆಂಡುಗಳ ಅಂತರವಿರಬೇಕೆಂದರೆ, ಒಂದು ಪಥದಲ್ಲಿ ಗಂಟೆಗೆ 1,800 ವಾಹನಗಳು ಮಾತ್ರ ಹಾಯಬಲ್ಲವು. ವೇಗ ಹೆಚ್ಚಿಸಿದರೂ ಈ ಸಂಖ್ಯೆ ಹೆಚ್ಚದು. ವೇಗದೊಡನೆ ನಡುವೆ ಬಿಡಬೇಕಾದ ದೂರವೂ ಬೆಳೆಯುತ್ತದೆ. ಮೂರು ಪಥಗಳ ಮಿತಿ 5,400, ಎರಡರದು 3,600. ಮೂರು ಪಥಗಳು ಎರಡಾಗಿ ಕುಗ್ಗುವ ಸ್ಥಳಕ್ಕೆ ಗಂಟೆಗೆ 4,000 ವಾಹನಗಳು ಬಂದವೆಂದು ಭಾವಿಸಿರಿ. ಗಂಟೆಯ ಕೊನೆಗೆ 400 ಉಳಿಯುತ್ತವೆ. ಒಂದಕ್ಕೆ 7 ಮೀಟರಿನಂತೆ ಮೂರು ಸಾಲಾಗಿ ನಿಂತರೂ ಸಾಲಿನ ಉದ್ದ 930 ಮೀಟರನ್ನು ಮೀರುತ್ತದೆ. ಮಿತಿಯ ಒಂಬತ್ತನೆಯ ಒಂದು ಪಾಲು ಹೆಚ್ಚಾದುದರ ಫಲವಿದು!

ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಈ ದೃಷ್ಟಿಯಿಂದ ನೋಡೋಣ. ಹಿಂದೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಪೇಟೆಗಳೇ ಇದರ ಕಿರುಬಾಗಿಲುಗಳಾಗಿದ್ದವು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ, ಸುಮಾರು 118 ಕಿಲೋಮೀಟರುಗಳ ಆರು ಪಥಗಳ ಹೊಸ ಮಾರ್ಗವು ಬೈಪಾಸುಗಳ ಮೂಲಕ ಅವನ್ನು ಬಳಸಿ ಹೋಗುತ್ತದೆ. ಆದರೆ ಬಾಗಿಲು ಮಾಯವಾಗಲಿಲ್ಲ. ನಗರಗಳ ಹೊಸ್ತಿಲಿಗೆ ಸರಿಯಿತು. ರಜೆ ಮುಗಿದ ಸಂಜೆ ಕೆಂಗೇರಿಯ ಕಡೆ ಬರುವವರಿಗೆ ಇದು ಅನುಭವವೇದ್ಯ.

ಇದಕ್ಕೆ ತಗುಲಿದ ವೆಚ್ಚ ಸುಮಾರು 8,480 ಕೋಟಿ ರೂಪಾಯಿ. ಇಲ್ಲಿ ಅನುಸರಿಸಿದ ಮಿಶ್ರ ವರ್ಷಾಶನ ಪದ್ಧತಿಯಲ್ಲಿ ನಿರ್ಮಾಣಕಾಲದಲ್ಲಿ ಸರ್ಕಾರವು ಶೇಕಡ 40ರಷ್ಟನ್ನು ಕೊಡುತ್ತದೆ. ಉಳಿದುದನ್ನು ಗುತ್ತಿಗೆದಾರರು ಹೂಡಿ, ಮುಂದೆ ಕಂತುಗಳಲ್ಲಿ ಬಡ್ಡಿಸಹಿತ ಪಡೆಯುತ್ತಾರೆ. ಸುಂಕವು ಹೆದ್ದಾರಿ ಪ್ರಾಧಿಕಾರಕ್ಕೆ ಸಲ್ಲುತ್ತದೆ. ಆದರೆ ಈ ಸುಂಕವು ದೂರವನ್ನೂ ವಾಹನದ ಜಾತಿಯನ್ನೂ ನೋಡುತ್ತದೆಯೇ ಹೊರತು ಹೊತ್ತನ್ನು ನೋಡುವುದಿಲ್ಲ. ಸಿಂಗಪುರವು 1975ರಲ್ಲಿಯೇ ಬೆಳಗಿನ ದಟ್ಟಣೆಯ ವೇಳೆ ನಗರದ ನಡುಭಾಗವನ್ನು ಹೊಗುವ ಕಾರುಗಳಿಗೆ ಶುಲ್ಕ ವಿಧಿಸಿತು. ಮೇಲಿನ ಲೆಕ್ಕದಲ್ಲಿ ಆ 400 ವಾಹನಗಳು ಬೇರೆ ಹೊತ್ತಿಗೆ ಹೊರಟಿದ್ದರೆ ಸಾಲೇ ಇರುತ್ತಿರಲಿಲ್ಲ.

ಇನ್ನೊಂದು ಮಾತನ್ನು ಮರೆಯಲಾಗದು. 2023ರ ಆಗಸ್ಟ್‌ನಿಂದ ಟ್ರ್ಯಾಕ್ಟರು, ಆಟೋ, ಬೈಕುಗಳಿಗೆ ಮುಖ್ಯಪಥದಲ್ಲಿ ಪ್ರವೇಶವಿಲ್ಲ. ರೈತನ ಪಾಲಿಗೆ ಉಳಿದುದು ಪಕ್ಕದ ಸೇವಾರಸ್ತೆ. ಆದುದರಿಂದ ರಸ್ತೆಯ ಉದ್ದಗಲಗಳಿಗೆ ಹಣ ತೆಗೆದಿರಿಸುವಾಗಲೇ ಅದರ ಎರಡು ಬಾಗಿಲುಗಳಿಗೂ ಸೇವಾರಸ್ತೆಗೂ ಪಾಲು ತೆಗೆದಿಡತಕ್ಕದ್ದು. ಬಯಲನ್ನು ಹಿಗ್ಗಿಸಿದ ಮಾತ್ರಕ್ಕೆ ಮಂದೆ ಬೇಗ ದೊಡ್ಡಿ ಸೇರುವುದಿಲ್ಲ.