ಕೈಯ ಹಿಡಿತ

ನಿಮ್ಮ ಬಲಗೈ ಮುಂದೆ ಚಾಚಿರಿ. ಮುಷ್ಟಿ ಬಿಗಿಯಿರಿ. ಬಿಡಿರಿ. ಈ ಕೈ ದಿನಕ್ಕೆ ಎಷ್ಟು ಕೆಲಸ ಮಾಡುತ್ತದೆ!

ರೋಣ, ನರಗುಂದ, ಗಜೇಂದ್ರಗಡದ ಕಡೆ ಕೈಗೆ ಬಿಡುವಿಲ್ಲ. ಎರೆಹೊಲದಲ್ಲಿ ಹತ್ತಿ ಬಿಡಿಸಬೇಕು. ಕಡಲೆ ಕೀಳಬೇಕು. ಗಜೇಂದ್ರಗಡದ ನೇಕಾರರು ಮಗ್ಗ ನಡೆಸಬೇಕು. ಮನೆಯಲ್ಲಿ ರೊಟ್ಟಿ ಬಡಿಯಬೇಕು, ತುಂಬಿದ ಕೊಡ ಎತ್ತಬೇಕು. ಹಿಡಿತ ಹೋದರೆ ದುಡಿಮೆಯೇ ಹೋದಂತೆ.

ಒಂದು ದಿನ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ತರುಣ ಬಂದ. ಮಣಿಕಟ್ಟಿಗೆ ಅರಿವೆ ಸುತ್ತಿದ್ದ.

"ಏನಾತಪಾ?" ಎಂದು ಕೇಳಿದೆವು.

"ಸಂತ್ಯಾಗ ಹ್ಯಾಂಡ್ ಗ್ರಿಪ್ಪರ್ ತಗೊಂಡೇನ್ರಿ. ಬಿರುಸದ್ದು ತಗೋ, ಲಗೂನ ಪೈಲ್ವಾನ ಆಗ್ತಿ ಅಂದ್ರು. ಕೈ ನೋಯ್ತಿದ್ರೂ ದಿನಾ ಹಿಚುಕಿದೆ. ಈಗ ಕುಡಗೋಲು ಹಿಡಿಯಾಕ ಬರವಲ್ದು."

ಅದು ಸುಗ್ಗಿಯ ಹೊತ್ತು. ಒಂದು ವಾರದ ಕೂಲಿ ಹೋಯಿತು. ಗ್ರಿಪ್ಪರ್ ಮೇಲೆ 100 ಎಂದು ಬರೆದಿತ್ತು. ಪಕ್ಕದಲ್ಲಿ ಪೌಂಡ್ ಗುರುತು ಇತ್ತು. ಅವನು ಅದನ್ನು ಓದಿರಲಿಲ್ಲ. 1 ಪೌಂಡ್ ಎಂದರೆ ಸುಮಾರು 450 ಗ್ರಾಂ. 100 ಪೌಂಡ್ ಎಂದರೆ ಸುಮಾರು 45 ಕಿಲೋ. ಹೊಸಬರಿಗೆ ಅದು ಬಹಳ ಬಿಗಿ.

ಹಿಡಿತ ಎಲ್ಲಿಂದ ಬರುತ್ತದೆ?

ಬಲ ಬರಿ ಬೆರಳಲ್ಲಿ ಇಲ್ಲ. ಬೆರಳು ಮಡಿಸುವ ದೊಡ್ಡ ಸ್ನಾಯುಗಳು ಮುಂಗೈಯಲ್ಲಿ ಇವೆ. ಅಲ್ಲಿಂದ ಹುರಿಯಂಥ ಎಳೆಗಳು ಬೆರಳಿಗೆ ಬರುತ್ತವೆ. ಒಮ್ಮೆಲೇ ಹೆಚ್ಚು ಜಗ್ಗಿದರೆ ಆ ಎಳೆಗಳು ಬಾಯುತ್ತವೆ.

ಭಾರತವೂ ಸೇರಿ 17 ದೇಶಗಳಲ್ಲಿ ಸುಮಾರು 1 ಲಕ್ಷ 40 ಸಾವಿರ ಜನರ ಹಿಡಿತವನ್ನು ಅಳೆದು ನೋಡಿದರು. 2015ರಲ್ಲಿ ಅದರ ಫಲ ಪ್ರಕಟವಾಯಿತು. ಹಿಡಿತ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ ಹೆಚ್ಚು ಕಂಡಿತು. ಅಂದರೆ ಹಿಡಿತವು ಇಡೀ ಮೈಯ ಆರೋಗ್ಯ ತೋರಿಸುವ ಒಂದು ಗುರುತು.

ಗರಡಿಮನೆಯ ಪಾಠ

ನಮ್ಮ ನಾಡಿಗೆ ಈ ಸಾಧನೆ ಹೊಸದಲ್ಲ. ಚಾಲುಕ್ಯ ದೊರೆ 3ನೆಯ ಸೋಮೇಶ್ವರ ಸುಮಾರು 1130ರಲ್ಲಿ 'ಮಾನಸೋಲ್ಲಾಸ' ಬರೆದ. ಅದರಲ್ಲಿ ಮಲ್ಲರ ಸಾಧನೆಯ ವಿವರ ಇದೆ. ಗರಡಿಯಲ್ಲಿ ಗದೆ ತಿರುಗಿಸುತ್ತಾರೆ, ಮಲ್ಲಕಂಬ ಏರುತ್ತಾರೆ, ಸಂಗ್ರಾಣಿ ಕಲ್ಲು ಎತ್ತುತ್ತಾರೆ. ನಮ್ಮ ಓಣಿಯ ಪೈಲ್ವಾನ ಕಾಕಾ ಆ ತರುಣನಿಗೆ ಹೇಳಿದರು: "ಮೊದಲ ದಿನಾನ ದೊಡ್ಡ ಕಲ್ಲಿಗೆ ಕೈ ಹಚ್ಚಬಾರದು ತಮ್ಮಾ. ಸಣ್ಣದು ಎತ್ತು. ಆಮ್ಯಾಗ ದೊಡ್ಡದು."

ಗ್ರಿಪ್ಪರ್ ಆರಿಸುವುದು ಹೇಗೆ?

1. ಮೇಲಿನ ಅಂಕಿ ಓದಿರಿ. ಕಿಲೋ ಇದೆಯೋ, ಪೌಂಡ್ ಇದೆಯೋ ನೋಡಿರಿ.

2. ಅಂಗಡಿಯಲ್ಲೇ ಹಿಚುಕಿ ನೋಡಿರಿ. ನೋವಿಲ್ಲದೆ 10 ಸಲ ಪೂರ್ತಿ ಮುಚ್ಚಲು ಬಂದರೆ ಸರಿ. ಒಂದು ಸಲವೂ ಮುಚ್ಚದಿದ್ದರೆ ಬೇಡ.

3. ತಿರುಪು ತಿರುವಿ ಬಿಗಿ ಹೆಚ್ಚು ಕಡಿಮೆ ಮಾಡುವಂಥದು ಒಳ್ಳೆಯದು. 10ರಿಂದ 40 ಕಿಲೋ ಎಂದು ಇದ್ದರೆ, 10ರಿಂದ ಶುರು ಮಾಡಿರಿ. ಮನೆಯ ಎಲ್ಲರಿಗೂ ಒಂದೇ ಸಾಕು.

4. ಹಿಡಿಕೆ ಕೈಯಲ್ಲಿ ಜಾರಬಾರದು. ಸ್ಪ್ರಿಂಗ್ ತುಕ್ಕು ಹಿಡಿದಿರಬಾರದು.

ಒಂದು ದಿನ ಬಿಟ್ಟು ಒಂದು ದಿನ ಮಾಡಿರಿ. 10 ಸಲ ಹಿಚುಕಿ ನಿಲ್ಲಿರಿ. ಹೀಗೆ 2 ಅಥವಾ 3 ಸುತ್ತು ಸಾಕು. ಉಸಿರು ಬಿಗಿ ಹಿಡಿಯಬಾರದು. ಬಿ.ಪಿ. ಇದ್ದವರು ಮೊದಲು ಡಾಕ್ಟರರನ್ನು ಕೇಳಿರಿ.

ರೊಕ್ಕ ಇಲ್ಲವೇ? ಚಿಂತೆ ಬೇಡ. ತೋಯ್ದ ಟವೆಲ್ ಹಿಂಡಿರಿ. ರಬ್ಬರ್ ಚೆಂಡು ಅಮುಕಿರಿ. ಬಕೆಟ್‌ನಲ್ಲಿ ಜೋಳ ಹಾಕಿ, ಅದರೊಳಗೆ ಬೆರಳು ಮಡಿಸಿ, ಬಿಡಿಸಿರಿ.

ನೆನಪಿಡಿ

ಕೈ ಜುಮುಗುಟ್ಟಿದರೆ, ನೋವು ಉಳಿದರೆ ನಿಲ್ಲಿಸಿರಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಒಮ್ಮೆಲೇ ಒಂದು ಕೈ ಬಲ ಕಳೆದುಕೊಂಡು, ಬಾಯಿ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ತಡ ಮಾಡದೆ 108ಕ್ಕೆ ಫೋನ್ ಮಾಡಿರಿ.

ಆ ತರುಣ ಈಗ ವಾಸಿಯಾಗಿದ್ದಾನೆ. ಹಗುರಾದ ಗ್ರಿಪ್ಪರ್ ತಂದಿದ್ದಾನೆ. ತರುವ ಮೊದಲು ಅಂಕಿಯನ್ನು ತಾನೇ ಓದಿದ.

ಮಾತಾಡೋಣ

ನಿಮ್ಮ ಮನೆಯಲ್ಲಿ ಕೊಡ ಎತ್ತಲು, ಡಬ್ಬಿಯ ಮುಚ್ಚಳ ತೆರೆಯಲು ಯಾರಿಗೆ ತ್ರಾಸ ಆಗುತ್ತದೆ?
20 ಪೌಂಡ್ ಎಂದರೆ ಸುಮಾರು ಎಷ್ಟು ಕಿಲೋ? ಲೆಕ್ಕ ಮಾಡಿ ಬರೆಯಿರಿ.