ತಿರುಳು ಚಿಕ್ಕದು, ಜೋಡಣೆ ಹಲವು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನನ್ನ ವೃತ್ತಿಯ ಕುರಿತು ಸುಲಭವಾದ ಪಾಠವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದ್ದಾರೆ. ನಾನೇ ಮಾಡಿದ ತಪ್ಪೊಂದರಿಂದ ಕಲಿತುದನ್ನು ಇಲ್ಲಿ ನಿವೇದಿಸುತ್ತೇನೆ.

2016ರಲ್ಲಿ ಆದವಾನಿಯ ಹತ್ತಿ ದಲ್ಲಾಳಿಯೊಬ್ಬರಿಗೆ ಲೆಕ್ಕಪತ್ರದ ತಂತ್ರಾಂಶ ಬರೆದುಕೊಟ್ಟಿದ್ದೆ. ಖಾತೆ, ಬಡ್ಡಿ, ತೆರಿಗೆ, ಚೀಟಿಯ ಮುದ್ರಣ ಎಲ್ಲವೂ ಒಂದೇ ಮುದ್ದೆಯಾಗಿದ್ದವು. ರೈತರ ಹೆಸರುಗಳು ಚೀಟಿಯಲ್ಲಿ ಕನ್ನಡದಲ್ಲಿ ಬರಲೆಂದು ಅವರು ಬಯಸಿದರು; ಸಂತೋಷದಿಂದ ಮಾಡಿಕೊಟ್ಟೆ. ವಾರದೊಳಗೆ ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಜಮೆಯಾಗತೊಡಗಿತು!

ಕಾರಣವಿಷ್ಟೆ. ಹೆಸರಿಗೆ 30 ಬೈಟ್‌ಗಳ ಜಾಗವಿತ್ತು. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಗುಣಿತದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಮಲ್ಲಿಕಾರ್ಜುನಪ್ಪ, ಮಲ್ಲಿಕಾರ್ಜುನಯ್ಯ ಎಂಬಂಥ ಹೆಸರುಗಳೆರಡೂ ‘ಮಲ್ಲಿಕಾರ್ಜ’ ಎಂಬಲ್ಲಿಗೇ ತುಂಡಾದವು. ಖಾತೆಯ ಭಾಗವು ಆ ಹೆಸರನ್ನೇ ನೋಡಿ ಹಣ ಸೇರಿಸುತ್ತಿತ್ತು. ತಪ್ಪು ಕನ್ನಡದ್ದಲ್ಲ, ಮುದ್ದೆಯದು.

ಅನಂತರ ಅದನ್ನು ಒಡೆದೆ. ಖಾತೆಯ ಸಂಖ್ಯೆ, ಜಮಾ-ಖರ್ಚು, ದಿನಾಂಕ ಇವಿಷ್ಟೇ ತಿರುಳು. ಊರಿನಿಂದ ಊರಿಗೆ, ಕಾಲದಿಂದ ಕಾಲಕ್ಕೆ ಬದಲಾಗುವುದೆಲ್ಲ ಹೊರಗಿನ ಜೋಡಣೆ. ಇದನ್ನೇ ಪ್ಲಗ್‌ಇನ್ ಎನ್ನುತ್ತಾರೆ. ನಿಯಮಗಳು ಮೂರು: ತಿರುಳು ಯಾವ ಪ್ಲಗ್‌ಇನ್ನಿನ ಹೆಸರನ್ನೂ ಅರಿತಿರಬಾರದು, ಪ್ಲಗ್‌ಇನ್ ತಿರುಳಿನ ಕಡತವನ್ನು ನೇರವಾಗಿ ಮುಟ್ಟಬಾರದು, ಇವೆರಡರ ನಡುವಣ ಒಪ್ಪಂದವು ಹಠಾತ್ತನೆ ಬದಲಾಗಬಾರದು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ತೆರಿಗೆಯ ಪ್ಲಗ್‌ಇನ್ ಒಂದನ್ನೇ ಬದಲಿಸಿದೆ. ಖಾತೆಗಳಿಗೆ ಕೈ ಹಚ್ಚಲಿಲ್ಲ.

ಮೂರನೆಯ ನಿಯಮವನ್ನು ಪಾಲಿಸುವುದು ದೊಡ್ಡವರಿಗೂ ಕಷ್ಟ. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57ನೆಯ ಆವೃತ್ತಿಯು ತನ್ನ ಹಳೆಯ ಒಪ್ಪಂದವನ್ನು ಕೈಬಿಟ್ಟಾಗ, ಅದನ್ನು ನಂಬಿದ್ದ ಅಸಂಖ್ಯ ಜೋಡಣೆಗಳು ನಿಂತುಹೋದವು.

ಈ ವಿಧಾನದಿಂದ ನಮ್ಮ ನುಡಿಗಾದ ಉಪಕಾರವನ್ನೂ ಹೇಳಬೇಕು. ಲಿನಕ್ಸ್ ಗಣಕಗಳಲ್ಲಿ ಭಾರತೀಯ ಭಾಷೆಗಳನ್ನು ಬೆರಳಚ್ಚಿಸಲು ನೆರವಾಗುವ ಎಂ17ಎನ್ ಎಂಬ ತಂತ್ರಾಂಶವು ಜಪಾನಿನಲ್ಲಿ ರೂಪುಗೊಂಡಿತು. ಅದರ ತಿರುಳಿಗೆ ಕನ್ನಡದ ಗಂಧವೂ ಇಲ್ಲ. ಒಂದೊಂದು ಕೀಲಿಮಣೆ ವಿನ್ಯಾಸವೂ ಒಂದೊಂದು ಚಿಕ್ಕ ಪಠ್ಯಕಡತ. ಅವುಗಳಲ್ಲಿ ಕನ್ನಡ ಗಣಕ ಪರಿಷತ್ತಿನ ವಿನ್ಯಾಸದ್ದೂ ಒಂದು. ಕನ್ನಡ ಬಲ್ಲವನೊಬ್ಬನು ಕುಳಿತು ಅಂಥ ಕಡತ ಬರೆದರೆ ಸಾಕು, ತಿರುಳನ್ನು ತಿದ್ದಬೇಕಾಗಿಲ್ಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದ ಆದವಾನಿ, ಆಲೂರು ತಾಲ್ಲೂಕುಗಳ ಕನ್ನಡಿಗರಿಗೆ ಇದರ ಮರ್ಮ ಬೇಗ ತಿಳಿದೀತು. ತಿರುಳು ನಮ್ಮದಲ್ಲದ ಕಡೆಯೂ ನಮ್ಮ ನುಡಿಗೆ ಎಡೆಯಿರಬಹುದು. ಆದರೆ ಅದನ್ನು ಜೋಡಿಸುವ ಕೈ ನಮ್ಮದೇ ಆಗಿರಬೇಕು.